ಎಫ್‌ಪಿವಿ ಡ್ರೋನ್ ಕಲಿಯೋದು ಹೇಗೆ? ಪುಣೆಯಲ್ಲಿ ನನಗೆ ಪದೇ ಪದೇ ಬರುವ ಪ್ರಶ್ನೆಗಳು

ನಾನು ಧಾರವಾಡದವನು, ಇರೋದು ಪುಣೆಯ ಕೋಥ್ರೂಡ್‌ನಲ್ಲಿ. ನಾಲ್ಕು ವರ್ಷದಿಂದ ಈ ಹುಚ್ಚು ಹಿಡಿದಿದೆ. ಆಫೀಸಿನ ಊಟದ ಮೇಜು, ಹುಬ್ಬಳ್ಳಿ ಕಡೆಯ ರೈಲು, ನೆಂಟರ ಮದುವೆ, ಎಲ್ಲಿ ಹೋದರೂ ಅವೇ ಪ್ರಶ್ನೆಗಳು. ಮೆಸೇಜುಗಳಲ್ಲೂ ಅವೇ. ಕೇಳಿದವರ ಮಾತಿನಲ್ಲೇ ಪ್ರಶ್ನೆ ಇಟ್ಟಿದ್ದೇನೆ. ಸುಲಭದ್ದು ಮೊದಲು, ತಲೆನೋವಿನದು ಕೊನೆಗೆ.

## ಶುರು ಮಾಡುವ ಮೊದಲು

ಮದುವೆ ಮನೇಲಿ ಹಾರಿಸ್ತಾರಲ್ಲ, ಅದೇ ಡ್ರೋನಾ ಇದು?

ಅಲ್ಲ. ಮದುವೆ ಡ್ರೋನ್ ಸಾಧು ಎತ್ತು. ಜಿಪಿಎಸ್ ಇರುತ್ತದೆ, ಕೈ ಬಿಟ್ಟರೆ ನಿಂತಲ್ಲೇ ನಿಲ್ಲುತ್ತದೆ. ಎಫ್‌ಪಿವಿ (ಫಸ್ಟ್ ಪರ್ಸನ್ ವ್ಯೂ) ಡ್ರೋನ್ ಹಗ್ಗ ಬಿಚ್ಚಿದ ಕರು. ಅದರ ಮೂಗಿನ ಮೇಲೆ ಚಿಕ್ಕ ಕ್ಯಾಮೆರಾ, ನಿಮ್ಮ ಕಣ್ಣಿಗೆ ಗಾಗಲ್ಸ್. ಅದು ಕಂಡದ್ದು ಆಗಿಂದಾಗಲೇ ನಿಮಗೂ ಕಾಣುತ್ತದೆ. ಹಾಗಾಗಿ ಹೊರಗೆ ನಿಂತು ನಡೆಸಿದ ಹಾಗಲ್ಲ, ಒಳಗೆ ಕೂತು ಹಾರಿದ ಹಾಗೆ. ಆದರೆ ಅದನ್ನು ಹಿಡಿದು ನಿಲ್ಲಿಸುವವರು ಯಾರೂ ಇಲ್ಲ. ಥ್ರಾಟಲ್ (ಮೇಲೇರಿಸುವ ಕೋಲು) ಬಿಟ್ಟರೆ ಬೀಳುತ್ತದೆ, ಓರೆ ಮಾಡಿ ಬಿಟ್ಟರೆ ಓರೆಯಾಗಿಯೇ ಹೋಗುತ್ತಿರುತ್ತದೆ. ಕಷ್ಟ ಇರೋದು ಅಲ್ಲಿ, ಮಜಾ ಇರೋದೂ ಅಲ್ಲೇ.

ಗಾಗಲ್ಸ್ ಹಾಕಿಕೊಂಡರೆ ತಲೆ ತಿರುಗಲ್ವಾ?

ಮೊದಲ ದಿನಗಳಲ್ಲಿ ತಿರುಗುತ್ತದೆ. ಮೈ ಕುರ್ಚಿಯಲ್ಲಿ, ಕಣ್ಣು ಗಾಳಿಯಲ್ಲಿ. ಮಿದುಳಿಗೆ ಎರಡೂ ಹೊಂದುವುದಿಲ್ಲ. ನಿಂತು ಹಾರಿಸಬೇಡಿ, ಕೂತುಕೊಳ್ಳಿ. ಒಂದು ಸಲಕ್ಕೆ ಐದು ನಿಮಿಷ ಸಾಕು. ಹಣೆಯಲ್ಲಿ ಬೆವರು ಬಂದ ಕೂಡಲೇ ಗಾಗಲ್ಸ್ ತೆಗೆಯಿರಿ, 'ಇನ್ನೊಂದು ಸುತ್ತು' ಅನ್ನಬೇಡಿ. ಹೆಚ್ಚಿನವರಿಗೆ ಕೆಲವು ದಿನಗಳಲ್ಲಿ ರೂಢಿಯಾಗುತ್ತದೆ.

ನಂಗೆ ಕನ್ನಡಕ ಇದೆ, ಏನು ಮಾಡೋದು?

ಡಬ್ಬಿಯಂಥ ದೊಡ್ಡ ಗಾಗಲ್ಸ್ ಆದರೆ ಒಳಗೆ ಕನ್ನಡಕ ಹಿಡಿಯುತ್ತದೆ. ಎರಡು ಕಣ್ಣಿಗೆ ಎರಡು ಪುಟ್ಟ ಪರದೆ ಇರುವ ಚಿಕ್ಕ ಗಾಗಲ್ಸ್‌ನಲ್ಲಿ ಹಿಡಿಯೋದಿಲ್ಲ. ಅಂಥವಕ್ಕೆ ನಿಮ್ಮ ನಂಬರಿನ ಲೆನ್ಸ್ ತೂರಿಸಬಹುದು, ಕೆಲವದರಲ್ಲಿ ತಿರುಗಿಸಿ ಹೊಂದಿಸಿಕೊಳ್ಳುವ ಸೌಲಭ್ಯವೂ ಇರುತ್ತದೆ. ದುಡ್ಡು ಕೊಡುವ ಮೊದಲು ಯಾರದ್ದಾದರೂ ಹಾಕಿ ನೋಡಿ.

ಮಗನಿಗೆ 12 ವರ್ಷ, ಕೊಡಿಸಬಹುದಾ ಸರ್?

ಧಾರಾಳವಾಗಿ. ಮಗಳಿದ್ದರೆ ಮಗಳಿಗೂ. ಮೊದಲು ಸಿಮ್ಯುಲೇಟರ್ (ಕಂಪ್ಯೂಟರಿನಲ್ಲೇ ಡ್ರೋನ್ ಹಾರಿಸೋದು), ಆಮೇಲೆ ರೆಕ್ಕೆಯ ಸುತ್ತ ಬಳೆಯಂಥ ಕಾವಲು ಇರುವ ಪುಟ್ಟ ಡ್ರೋನ್. ಚಾರ್ಜರ್ ಮಾತ್ರ ನಿಮ್ಮ ಕೈಯಲ್ಲೇ ಇರಲಿ.

ಸಿಮ್ಯುಲೇಟರ್ ಅಂದರೆ ಗೇಮ್ ತಾನೆ? ಸುಮ್ನೆ ಯಾಕೆ ಟೈಮ್ ವೇಸ್ಟ್?

ನಾನೂ ಹೀಗೇ ಅಂದಿದ್ದೆ. ನನ್ನ ಮೊದಲ ಡ್ರೋನ್ ಹಾಲ್‌ನಲ್ಲಿ ಮೇಲೇರಿದ್ದು ಒಂದೇ ಸಲ, ನೇರ ಸೀಲಿಂಗ್ ಫ್ಯಾನಿಗೆ. ಫ್ಯಾನ್ ತಿರುಗುತ್ತಿತ್ತು. ಆ ಶಬ್ದಕ್ಕೆ ಅಮ್ಮ ಅಡುಗೆಮನೆಯಿಂದ ಸೌಟು ಹಿಡಿದೇ ಓಡಿ ಬಂದಿದ್ದರು.

ಲಿಫ್ಟ್‌ಆಫ್, ವೆಲೊಸಿಡ್ರೋನ್, ಅನ್‌ಕ್ರ್ಯಾಶ್ಡ್ ಇವು ಚಾಲ್ತಿಯಲ್ಲಿರುವ ಸಿಮ್ಯುಲೇಟರ್‌ಗಳು. ಕೀಬೋರ್ಡಿನಲ್ಲಿ ಆಡಬೇಡಿ, ಏನೂ ಬರೋದಿಲ್ಲ. ನಾಳೆ ಡ್ರೋನಿಗೆ ಬಳಸುವ ರೇಡಿಯೊವನ್ನೇ, ಅಂದರೆ ಎರಡು ಕೋಲಿನ ರಿಮೋಟನ್ನೇ, ಯುಎಸ್‌ಬಿ ಕೇಬಲ್‌ನಿಂದ ಕಂಪ್ಯೂಟರಿಗೆ ಜೋಡಿಸಿ. ಬೆರಳಿಗೆ ಅದೇ ಕೋಲು ರೂಢಿಯಾಗಬೇಕು. ನನ್ನ ಲೆಕ್ಕದಲ್ಲಿ 15ರಿಂದ 20 ಗಂಟೆ ಬೇಕು. ಮೊದಲು ಒಂದೇ ಎತ್ತರದಲ್ಲಿ ಹೋಗುವುದು, ಆಮೇಲೆ ಎರಡು ಮರದ ಸುತ್ತ ಎಂಟರ ಆಕಾರ, ಆಮೇಲೆ ಕಮಾನಿನೊಳಗೆ ನುಗ್ಗುವುದು. ಪಲ್ಟಿ ಹೊಡೆಯೋದು ಎಲ್ಲ ಆದ ಮೇಲೆ. ಎಲ್ಲರೂ ಪಲ್ಟಿಯಿಂದ ಶುರು ಮಾಡುತ್ತಾರೆ, ಅದು ಬೇರೆ ಮಾತು.

ಆಂಗಲ್ ಮೋಡ್ ಒಳ್ಳೇದಾ, ಆಕ್ರೊ ಮೋಡ್ ಒಳ್ಳೇದಾ?

ಆಂಗಲ್ ಮೋಡ್‌ನಲ್ಲಿ ಕೋಲು ಬಿಟ್ಟರೆ ಡ್ರೋನ್ ತಾನೇ ಸಮತಟ್ಟಾಗುತ್ತದೆ. ಆಕ್ರೊದಲ್ಲಿ ಆಗೋದಿಲ್ಲ. ನೀವು ಎಷ್ಟು ಬಗ್ಗಿಸಿದ್ದೀರೋ ಅಷ್ಟೇ ಬಗ್ಗಿಕೊಂಡಿರುತ್ತದೆ, ವಾಪಸ್ ತರೋದೂ ನೀವೇ. ಸಿಮ್ಯುಲೇಟರ್‌ನಲ್ಲಿ ಮೊದಲ ದಿನದಿಂದಲೇ ಆಕ್ರೊ ಕಲಿಯಿರಿ ಅಂತ ನಾನು ಹಟ ಹಿಡಿಯುತ್ತೇನೆ. ಆಂಗಲ್ ರೂಢಿಯಾದ ಬೆರಳು ಆಕ್ರೊಗೆ ಬರಲು ಜಾಸ್ತಿ ಒದ್ದಾಡುತ್ತದೆ. ಮನೆಯೊಳಗೆ ಮಾತ್ರ ಆಂಗಲ್ ಇರಲಿ, ಟಿವಿ ಉಳಿಯುತ್ತದೆ.

## ಖರೀದಿ

ಒಟ್ಟು ಎಷ್ಟು ಖರ್ಚು ಬರುತ್ತೆ? ಹೆಂಡತಿಗೆ ಏನು ಹೇಳಲಿ?

ಹೆಂಡತಿಗೆ ನಿಜ ಹೇಳಿ, ಕೊರಿಯರ್ ಡಬ್ಬಿಗಳೇ ಹೇಗೂ ಹೇಳುತ್ತವೆ. ಪುಟ್ಟ ಡ್ರೋನ್, ರೇಡಿಯೊ, ಸಾದಾ ಗಾಗಲ್ಸ್, ನಾಲ್ಕಾರು ಬ್ಯಾಟರಿ, ಚಾರ್ಜರ್ ಸೇರಿ ಹೆಚ್ಚುಕಡಿಮೆ 25ರಿಂದ 30 ಸಾವಿರ ಇಟ್ಟುಕೊಳ್ಳಿ. ಎಲ್ಲವನ್ನೂ ಒಂದೇ ದಿನ ಕೊಳ್ಳಬೇಡಿ. ಮೊದಲ ತಿಂಗಳು ರೇಡಿಯೊ ಮತ್ತು ಸಿಮ್ಯುಲೇಟರ್ ಸಾಕು. ಬೇಸರ ಬಂದರೆ ಅಲ್ಲಿಗೇ ಬಿಡಬಹುದು, ಜಾಸ್ತಿ ನಷ್ಟ ಇಲ್ಲ.

ನೇರವಾಗಿ 5 ಇಂಚಿನದೇ ತಗೋಳ್ತೀನಿ, ಆಗಲ್ವಾ?

ಬೇಡ. ಇದೊಂದು ಮಾತನ್ನು ಕೇಳಿ, ಉಳಿದದ್ದು ಮರೆತರೂ ಪರವಾಗಿಲ್ಲ.

5 ಇಂಚು ಅಂದರೆ ಅದರ ರೆಕ್ಕೆ, ಅಂದರೆ ಪ್ರಾಪ್, ಅಷ್ಟು ಉದ್ದ. ಬ್ಯಾಟರಿ ಸೇರಿ 600-700 ಗ್ರಾಂ ತೂಗುತ್ತದೆ. ಗಂಟೆಗೆ 100 ಕಿ.ಮೀ. ದಾಟುವುದು ಅದಕ್ಕೆ ದೊಡ್ಡ ಮಾತಲ್ಲ. ಆ ವೇಗದಲ್ಲಿ ಬರುವ ಅರ್ಧ ಕಿಲೋಗಿಂತ ಜಾಸ್ತಿ ತೂಕದ ಕಾರ್ಬನ್ ಫೈಬರ್ ಮೈಗೆ ಬಡಿದರೆ ಮೂಳೆ ಮುರಿಯುತ್ತದೆ, ಪ್ರಾಪ್ ತಾಗಿದರೆ ಹೊಲಿಗೆ ಬೀಳುತ್ತದೆ. ಅದೇ 65 ಮಿ.ಮೀ. ವೂಪ್, ಅಂದರೆ ಬಳೆಯ ಕಾವಲಿನ ಆ ಪುಟ್ಟ ಡ್ರೋನ್, 30 ಗ್ರಾಂ ಆಸುಪಾಸು. ಗೋಡೆಗೆ ಗುದ್ದಿದರೆ ಪುಟಿದು ಕೆಳಗೆ ಬೀಳುತ್ತದೆ. ಎತ್ತಿಕೊಂಡು ಮತ್ತೆ ಹಾರಿಸಬಹುದು. ಒಂದು ಸಂಜೆಯಲ್ಲಿ ನಲವತ್ತು ಸಲ ಬೀಳಿಸಬಹುದು. ಕಲಿಯೋದು ಅಂದರೆ ಆ ನಲವತ್ತು ಸಲವೇ. 5 ಇಂಚಿನದರಲ್ಲಿ ಮೊದಲ ಬೀಳಿಗೇ ಒಂದು ಮೋಟಾರ್ ಹೋಗುತ್ತದೆ, ಭಾಗ ಬರುವ ತನಕ ಹತ್ತು ದಿನ ಸುಮ್ನೆ ಕೂರಬೇಕು.

ಪುಣೆಗೆ ಇನ್ನೊಂದು ಕಾರಣವೂ ಇದೆ. ಈ ಊರಲ್ಲಿ ಹೊರಗೆ ಹಾರಿಸಲು ಜಾಗವೇ ಕಡಿಮೆ. ಯಾಕೆ ಅಂತ ಕೆಳಗೆ ಹೇಳುತ್ತೇನೆ. ಮನೆಯ ಹಾಲ್ ನಿಮ್ಮ ಮೈದಾನ. ಕುರ್ಚಿಯ ಕಾಲುಗಳ ನಡುವೆ ನುಗ್ಗಿ, ಊಟದ ಮೇಜಿನ ಕೆಳಗೆ ಹೋಗಿ, ಪರದೆ ದಾಟಿ ಬನ್ನಿ. ಜೂನ್‌ನಿಂದ ಸೆಪ್ಟೆಂಬರ್ ತನಕ ಹೊರಗೆ ಮಳೆ ಸುರಿಯುತ್ತಿದ್ದರೂ ನಿಮ್ಮ ಅಭ್ಯಾಸ ನಿಲ್ಲೋದಿಲ್ಲ. ನನ್ನ ಹತ್ತಿರ ಈಗ ಮೂರು ದೊಡ್ಡ ಡ್ರೋನ್ ಇವೆ. ಜಾಸ್ತಿ ಹಾರೋದು ಮಾತ್ರ ವೂಪೇ.

ಯಾವ ರೇಡಿಯೊ ತಗೊಳ್ಳಲಿ?

ಎಕ್ಸ್‌ಪ್ರೆಸ್‌ಎಲ್‌ಆರ್‌ಎಸ್ (ರೇಡಿಯೊ ಮತ್ತು ಡ್ರೋನ್ ನಡುವಿನ ಸಂಪರ್ಕದ ಒಂದು ಪದ್ಧತಿ) ಇರುವ 2.4 ಗಿಗಾಹರ್ಟ್ಸ್‌ನದು. ರೇಡಿಯೊಮಾಸ್ಟರ್ ಪಾಕೆಟ್ ಥರದ್ದು ಶುರುವಿಗೆ ಸಾಕು. ಡ್ರೋನ್ ಒಡೆಯುತ್ತದೆ, ಬ್ಯಾಟರಿ ಸಾಯುತ್ತದೆ, ರೇಡಿಯೊ ವರ್ಷಗಟ್ಟಲೆ ಉಳಿಯುತ್ತದೆ. ಹಾಗಾಗಿ ಇಲ್ಲಿ ತೀರಾ ಕಂಜೂಸಿ ಮಾಡಬೇಡಿ. 'ದೂರ ಹೋಗುತ್ತೆ' ಅಂತ ಯಾರಾದರೂ 915 ಮೆಗಾಹರ್ಟ್ಸ್‌ನದು ಮಾರಲು ಬಂದರೆ ಬೇಡ ಅನ್ನಿ. ಆ ಅಕ್ಕಪಕ್ಕದಲ್ಲಿ ನಮ್ಮಲ್ಲಿ ಮೊಬೈಲ್ ಫೋನ್‌ಗಳು ಓಡುತ್ತವೆ. 2.4 ಗಿಗಾಹರ್ಟ್ಸ್‌ಗೆ ಲೈಸೆನ್ಸ್ ಬೇಡ, ನಿಮಗೆ ಬೇಕಾದ ದೂರಕ್ಕಿಂತ ಜಾಸ್ತಿಯೇ ಹೋಗುತ್ತದೆ. ಎಡಗೋಲು ಥ್ರಾಟಲ್ ಆಗಿರುವ ಮೋಡ್ 2 ಕೇಳಿ ತಗೊಳ್ಳಿ, ಇಲ್ಲಿ ಬಹುತೇಕ ಎಲ್ಲರೂ ಅದನ್ನೇ ಬಳಸೋದು.

ಅನಲಾಗ್ ವಿಡಿಯೊ ಹಳೇದಲ್ವಾ? ಡಿಜಿಟಲ್ ತಗೊಳ್ಳಲಾ?

ಅನಲಾಗ್ ಚಿತ್ರ ನಮ್ಮ ಹಳೇ ದೂರದರ್ಶನದ ಆಂಟೆನಾ ಕಾಲದ ಹಾಗೆ ಇರುತ್ತದೆ, ಚುಕ್ಕಿ ಚುಕ್ಕಿ. ಆದರೆ ಅಗ್ಗ, ಹಗುರ. ಸಿಗ್ನಲ್ ಕೆಡುವಾಗ ಮೊದಲೇ ಚುಕ್ಕಿ ಜಾಸ್ತಿಯಾಗಿ ಎಚ್ಚರಿಕೆ ಕೊಡುತ್ತದೆ. ಡಿಜಿಟಲ್‌ನಲ್ಲಿ ಡಿಜೆಐ, ವಾಕ್‌ಸ್ನೇಲ್, ಎಚ್‌ಡಿಝೀರೊ ಅಂತ ಮೂರು ದಾರಿ. ಒಂದರ ಗಾಗಲ್ಸ್‌ಗೆ ಇನ್ನೊಂದರ ಡ್ರೋನ್ ಕಾಣುತ್ತದೆ ಅಂದುಕೊಳ್ಳಬೇಡಿ. ಚಿತ್ರ ಚೆನ್ನ, ಬೆಲೆ ಖಾರ. ಬೀಳಿಸಿ ಬೀಳಿಸಿ ಕಲಿಯುವ ವೂಪಿಗೆ ಅನಲಾಗೇ ಸರಿ ಅನ್ನೋದು ನನ್ನ ಅಭಿಪ್ರಾಯ. ವಿಡಿಯೊ ಮಾಡಿ ಊರಿಗೆಲ್ಲ ತೋರಿಸಬೇಕು ಅನ್ನುವವರು ನನ್ನ ಮಾತು ಕೇಳೋದಿಲ್ಲ, ಗೊತ್ತು.

ಭಾವ ದುಬೈಯಿಂದ ಬರ್ತಿದ್ದಾನೆ, ಅವನ ಕೈಲಿ ತರಿಸಲಾ?

ಬೇಡ. 2022ರ ಫೆಬ್ರವರಿ 9ರಂದು ಸರ್ಕಾರ ಡ್ರೋನ್ ಆಮದು ನಿಷೇಧಿಸಿತು. ಜೋಡಿಸಿದ್ದೂ ಇಲ್ಲ, ಅರೆಜೋಡಿಸಿದ್ದೂ ಇಲ್ಲ, ಪೂರಾ ಬಿಡಿಸಿದ ಕಿಟ್ಟೂ ಇಲ್ಲ. ಏರ್‌ಪೋರ್ಟಿನಲ್ಲಿ ಭಾವ ಸಿಕ್ಕಿಬಿದ್ದರೆ ಅಕ್ಕನಿಗೆ ಉತ್ತರ ಹೇಳೋದು ನೀವು. ಬಿಡಿ ಭಾಗಗಳ ಆಮದಿಗೆ ಮಾತ್ರ ಆ ನಿಷೇಧ ಇಲ್ಲ. ಮೋಟಾರ್, ಡ್ರೋನಿನ ಮಿದುಳಾದ ಫ್ಲೈಟ್ ಕಂಟ್ರೋಲರ್, ಫ್ರೇಮ್ ಎಲ್ಲ ದೇಶದೊಳಗಿನ ಆನ್‌ಲೈನ್ ಅಂಗಡಿಗಳಲ್ಲೇ ಸಿಗುತ್ತವೆ.

ಬುಧವಾರ ಪೇಠೆಯ ತಪಕೀರ್ ಗಲ್ಲಿಯಲ್ಲಿ ಸಿಗುತ್ತಾ?

ಬೆಸುಗೆ ತಂತಿ, ವೈರು, ಮಲ್ಟಿಮೀಟರ್, ಹೀಟ್‌ಶ್ರಿಂಕ್ ಕೊಳವೆಗೆ ಹೋಗಿ. ಮುಂಬೈಯವರು ಲ್ಯಾಮಿಂಗ್ಟನ್ ರೋಡಿಗೆ ಹೋಗಲಿ. ಡ್ರೋನಿನ ಭಾಗಕ್ಕೆ ಅಂತ ನಾನು ಅಲೆದದ್ದು ಚಪ್ಪಲಿಗೆ ನಷ್ಟ.

## ಬ್ಯಾಟರಿ

ಬ್ಯಾಟರಿ ಸಿಡಿಯುತ್ತಂತೆ, ನಿಜವಾ?

ಸಿಡಿಯೋದಕ್ಕಿಂತ ಜಾಸ್ತಿ ಭುಸ್ ಅಂತ ಉರಿಯುತ್ತದೆ. ಇದು ಲಿಪೊ, ಅಂದರೆ ಲಿಥಿಯಂ ಪಾಲಿಮರ್. ಫೋನಿನ ಬ್ಯಾಟರಿಯ ನೆಂಟ, ಆದರೆ ಕೋಪಿಷ್ಠ.

ಒಂದು ಸೆಲ್ ತುಂಬಿದಾಗ 4.2 ವೋಲ್ಟ್. ಎಚ್‌ವಿ ಅಂತ ಬರೆದಿದ್ದರೆ ಮಾತ್ರ 4.35. ಹಾರುವಾಗ 3.5ಕ್ಕೆ ಬಂದರೆ ಇಳಿಸಿ. 3.3ರ ಕೆಳಗೆ ಎಳೆದರೆ ಬ್ಯಾಟರಿಯ ಆಯುಸ್ಸು ಎಳೆದಂತೆ. ನಾಲ್ಕಾರು ದಿನ ಹಾರಿಸೋದಿಲ್ಲ ಅಂದರೆ 3.8ರ ಹತ್ತಿರ ಇಟ್ಟು ಎತ್ತಿಡಿ. ತುಂಬಿಸಿ ಇಟ್ಟು ಊರಿಗೆ ಹೋಗುವ ಅಭ್ಯಾಸದಿಂದಲೇ ನನ್ನ ಆರು ಬ್ಯಾಟರಿ ಹೋಳಿಗೆಯ ಹಾಗೆ ಉಬ್ಬಿದವು. ಯುಗಾದಿಗೆ ಧಾರವಾಡಕ್ಕೆ ಹೋಗಿದ್ದೆ, ಹೋಲಿಕೆ ಸರಿಯಾಗಿಯೇ ಇದೆ.

ಚಾರ್ಜ್ ಮಾಡುವಾಗ 1ಸಿ, ಅಂದರೆ ಬ್ಯಾಟರಿಯ ಸಾಮರ್ಥ್ಯದಷ್ಟೇ ಕರೆಂಟು, ದಾಟಬೇಡಿ. 300 ಎಂಎಎಚ್ ಬ್ಯಾಟರಿಗೆ 0.3 ಆಂಪಿಯರ್ ಅಂತ ಲೆಕ್ಕ. ಹಾಸಿಗೆ, ಸೋಫಾ, ಮರದ ಕಪಾಟು ಬೇಡ. ಟೈಲ್ಸ್ ನೆಲದ ಮೇಲೆ, ಕಣ್ಣೆದುರಿಗೆ. ನಾನು ಮಣ್ಣಿನ ಮಡಕೆಯಲ್ಲಿ ಇಡುತ್ತೇನೆ, ಪಕ್ಕದಲ್ಲೊಂದು ಮರಳಿನ ಬಕೆಟ್. ಉಬ್ಬಿದ್ದನ್ನು ಮತ್ತೆ ಚಾರ್ಜ್ ಮಾಡಬೇಡಿ, ಚುಚ್ಚಲೇಬೇಡಿ. ಕಸದ ಗಾಡಿಗೂ ಬೇಡ, ಇ-ತ್ಯಾಜ್ಯ ತೆಗೆದುಕೊಳ್ಳುವ ಕಡೆ ಕೊಡಿ.

ಇಷ್ಟೆಲ್ಲ ಮಾಡಿ ಬರೀ ನಾಲ್ಕು ನಿಮಿಷ ಹಾರೋದಾ?

ಹೌದು. ಅದಕ್ಕೇ ಆರು ಬ್ಯಾಟರಿ.

## ಎಲ್ಲಿ, ಹೇಗೆ, ಯಾರನ್ನು ಕೇಳಿ

ಪುಣೆಯಲ್ಲಿ ಎಲ್ಲಿ ಹಾರಿಸಬಹುದು? ವೇತಾಳ ಟೇಕಡಿ ಆಗುತ್ತಾ?

ಮನೆಯಿಂದ ಹೊರಡುವ ಮೊದಲು ಸರ್ಕಾರದ ಡಿಜಿಟಲ್ ಸ್ಕೈ ಜಾಲತಾಣದ ಡ್ರೋನ್ ನಕ್ಷೆ ತೆಗೆದು ನೋಡಿ. ಹಸಿರು ಇದ್ದಲ್ಲಿ 400 ಅಡಿ ತನಕ ಅನುಮತಿ ಬೇಡ. ವಿಮಾನ ನಿಲ್ದಾಣದ ಗಡಿಯಿಂದ 8ರಿಂದ 12 ಕಿ.ಮೀ. ನಡುವೆ ಅದು 200 ಅಡಿ ಮಾತ್ರ. ಹಳದಿಗೆ ವಿಮಾನ ಸಂಚಾರ ನಿಯಂತ್ರಣದವರ ಅನುಮತಿ ಬೇಕು, ಕೆಂಪಿಗೆ ಕೇಂದ್ರ ಸರ್ಕಾರದ್ದು. ಹವ್ಯಾಸಿಗೆ ಕೆಂಪು ಅಂದರೆ 'ಇಲ್ಲ' ಅಂತಲೇ ಅರ್ಥ.

ಈಗ ಪುಣೆಯನ್ನು ಸುತ್ತಿ ಬನ್ನಿ. ಲೋಹಗಾಂವ್‌ನಲ್ಲಿ ವಾಯುಪಡೆಯ ನೆಲೆ, ನಾಗರಿಕ ವಿಮಾನಗಳೂ ಅಲ್ಲಿಂದಲೇ ಏರೋದು. ಖಡಕವಾಸಲಾದಲ್ಲಿ ಎನ್‌ಡಿಎ, ಅಂದರೆ ರಾಷ್ಟ್ರೀಯ ರಕ್ಷಣಾ ಅಕಾಡೆಮಿ. ಪಾಷಾಣದಲ್ಲಿ ಡಿಆರ್‌ಡಿಒ ಪ್ರಯೋಗಾಲಯಗಳು. ಖಡ್ಕಿಯಲ್ಲಿ ಮದ್ದುಗುಂಡಿನ ಕಾರ್ಖಾನೆ. ಕ್ಯಾಂಪಿನಲ್ಲಿ ಸೇನೆಯ ದಕ್ಷಿಣ ಕಮಾಂಡ್. ದೇಹು ರೋಡ್‌ನಲ್ಲಿ ಇನ್ನೊಂದು ಕಂಟೋನ್ಮೆಂಟ್. ಹಡಪಸರದಲ್ಲಿ ಗ್ಲೈಡರ್ ಮೈದಾನ. ಉಳಿದದ್ದು ಎಷ್ಟು? ವೇತಾಳ ಟೇಕಡಿ ಅನ್ನುವ ಗುಡ್ಡದ ಮಗ್ಗುಲಲ್ಲೇ ಪಾಷಾಣ ಇದೆ. ಅಲ್ಲಿ ಬೆಳಿಗ್ಗೆ ವಾಕಿಂಗ್ ಬರುವವರ ಸಾಲು ಬೇರೆ, ನವಿಲುಗಳು ಬೇರೆ. ಅಲ್ಲಿ ಬೇಡ.

ನಾವು ಊರು ದಾಟಿ ದೂರ ಹೋಗುತ್ತೇವೆ. ನಕ್ಷೆಯಲ್ಲಿ ಹಸಿರು ಕಂಡ ಕಡೆ, ಬೆಳೆ ಕೊಯ್ದ ಹೊಲ, ಮಾಲೀಕನನ್ನು ಕೇಳಿ. ಒಂದು ಡಬ್ಬಿ ಧಾರವಾಡ ಪೇಡಾ ಅರ್ಧ ಅನುಮತಿ ಕೊಡಿಸುತ್ತದೆ. ಪೊಲೀಸರು ಹಬ್ಬ, ಸಭೆ, ಗಣ್ಯರ ಭೇಟಿಗೆ ಡ್ರೋನ್ ನಿಷೇಧಿಸುವುದುಂಟು. ಗಣೇಶೋತ್ಸವದ ದಿನಗಳಲ್ಲಂತೂ ನಾನು ಚೀಲವನ್ನೇ ಬಿಚ್ಚೋದಿಲ್ಲ.

ಲೈಸೆನ್ಸ್ ಬೇಕಾ? ಯಾವುದಕ್ಕೆ ಬೇಕು, ಯಾವುದಕ್ಕೆ ಬೇಡ?

ಎಲ್ಲ ತೂಕದ ಮೇಲೆ. ಡ್ರೋನ್ ನಿಯಮಗಳು 2021ರ ಪ್ರಕಾರ 250 ಗ್ರಾಂ ತನಕ ನ್ಯಾನೊ. ಅದಕ್ಕೆ ಪೈಲಟ್ ಪ್ರಮಾಣಪತ್ರವೂ ಬೇಡ, ಥರ್ಡ್ ಪಾರ್ಟಿ ವಿಮೆಯೂ ಬೇಡ. 250 ಗ್ರಾಂ ದಾಟಿ 2 ಕಿಲೋ ತನಕ ಮೈಕ್ರೊ. ದುಡ್ಡಿಗಲ್ಲದೆ ಹವ್ಯಾಸಕ್ಕೆ ಹಾರಿಸಿದರೆ ಅದಕ್ಕೂ ಪೈಲಟ್ ಪ್ರಮಾಣಪತ್ರ ಬೇಡ. ಆದರೆ ಡ್ರೋನ್ ನೋಂದಣಿ ಮಾಡಿಸಿ ಗುರುತಿನ ಸಂಖ್ಯೆ ಪಡೆಯಬೇಕು, ವಿಮೆಯೂ ಬೇಕು. ನಿಯಮ ಮುರಿದರೆ ದಂಡ 1 ಲಕ್ಷ ರೂಪಾಯಿ ತನಕ ಹೋಗಬಹುದು. 5 ಇಂಚಿನ ಡ್ರೋನ್ ಮೈಕ್ರೊಗೆ ಸೇರುತ್ತದೆ. ವೂಪ್ ನ್ಯಾನೊದಲ್ಲೂ ತೀರಾ ಕೆಳಗಿನ ಮೆಟ್ಟಿಲು.

ಹವ್ಯಾಸದ ಡ್ರೋನ್ ಕಣ್ಣಳತೆಯಲ್ಲೇ ಇರಬೇಕು. ನಿಮ್ಮ ಕಣ್ಣು ಗಾಗಲ್ಸ್ ಒಳಗಿದೆ, ಅಲ್ವಾ? ಅದಕ್ಕೇ ಪಕ್ಕದಲ್ಲಿ ಒಬ್ಬ ಸ್ಪಾಟರ್ ಬೇಕು. ಅವನು ಬರಿಗಣ್ಣಿನಿಂದ ಡ್ರೋನನ್ನೂ ನೋಡಬೇಕು, ದನ ಕಾಯುವ ಹುಡುಗ ಅಡ್ಡ ಬಂದರೆ ಕೂಗಿ ಹೇಳಲೂಬೇಕು. ಫೋನ್ ನೋಡುತ್ತಾ ನಿಲ್ಲುವ ಗೆಳೆಯ ಸ್ಪಾಟರ್ ಅಲ್ಲ.

ಸಿಂಹಗಡದ ಮೇಲಿಂದ ಒಂದೇ ಒಂದು ಡೈವ್, ಯಾರಿಗೆ ಗೊತ್ತಾಗುತ್ತೆ?

ಗಡದ ಬುಡದಲ್ಲೇ ಖಡಕವಾಸಲಾ, ಎನ್‌ಡಿಎ. ಗಡ ಸಂರಕ್ಷಿತ ಸ್ಮಾರಕ. ಭಾನುವಾರ ಪಿಠಲ-ಭಾಕರಿಗೆ ಬಂದವರ ಜಾತ್ರೆ. ಎಲ್ಲರಿಗೂ ಗೊತ್ತಾಗುತ್ತೆ. ನೀವೂ ಪಿಠಲ-ಭಾಕರಿ ತಿಂದು ಇಳಿಯಿರಿ.

ಗೋವಾ ಟ್ರಿಪ್‌ಗೆ ವಿಮಾನದಲ್ಲಿ ಒಯ್ಯಬಹುದಾ?

ಬಿಡಿ ಲಿಪೊ ಬ್ಯಾಟರಿಗಳು ಕೈಚೀಲದಲ್ಲೇ ಇರಬೇಕು, ಲಗೇಜಿಗೆ ಹಾಕುವಂತಿಲ್ಲ. ತುದಿಗೆ ಟೇಪ್ ಸುತ್ತಿ. ಒಂದೊಂದೂ 100 ವ್ಯಾಟ್-ಅವರ್ ಒಳಗಿರಬೇಕು. 6ಎಸ್ (ಆರು ಸೆಲ್‌ನ) 1300 ಎಂಎಎಚ್ ಬ್ಯಾಟರಿಯದು 22.2 ವೋಲ್ಟ್ ಗುಣಿಸು 1.3, ಅಂದರೆ ಸುಮಾರು 29. ತೊಂದರೆ ಇಲ್ಲ. ಡ್ರೋನ್ ಬಗ್ಗೆ ವಿಮಾನ ಕಂಪನಿಯನ್ನು ಮೊದಲೇ ಕೇಳಿ. ಗೋವಾದಲ್ಲಿ ದಾಬೋಳಿ ನೌಕಾಪಡೆಯ ನೆಲೆ, ಉತ್ತರಕ್ಕೆ ಮೋಪಾ ವಿಮಾನ ನಿಲ್ದಾಣ. ಹಾಗಾಗಿ ಅಲ್ಲೂ ನಕ್ಷೆ ನೋಡಲೇಬೇಕು. ಜನ ಮಲಗಿರುವ ಬೀಚಿನ ಮೇಲೆ ಹಾರಿಸೋದು ಮರ್ಯಾದೆಯೂ ಅಲ್ಲ. ಇನ್ನೊಂದು, ಉಪ್ಪುನೀರು ಮತ್ತು ಮರಳು ಮೋಟಾರಿನ ಬೇರಿಂಗ್ ತಿಂದುಹಾಕುತ್ತವೆ.

ಹದ್ದು ಅಟ್ಟಿಸಿಕೊಂಡು ಬಂದರೆ?

ಇಳಿಸಿಬಿಡಿ, ಆಕಾಶ ಅದರದ್ದು. ಸಂಕ್ರಾಂತಿ ಹೊತ್ತಿಗೆ ಗಾಳಿಪಟದ ಮಾಂಜಾ ಇನ್ನೂ ಅಪಾಯ, ಗಾಗಲ್ಸ್‌ನಲ್ಲಿ ಕಾಣೋದೇ ಇಲ್ಲ. ಪ್ರಾಪಿಗೆ ಸುತ್ತಿಕೊಂಡರೆ ಮೋಟಾರ್ ಸುಟ್ಟು ಹೋಗಬಹುದು.

## ಸ್ವಲ್ಪ ಕೈ ಪಳಗಿದ ಮೇಲೆ

ನಾನೇ ಜೋಡಿಸಬೇಕು ಅಂತಿದ್ದೀನಿ. ಎಲ್ಲಿ ಎಡವುತ್ತೀನಿ?

ಮೊದಲು ಬೆಸುಗೆಯಲ್ಲಿ. ಹಳೇ ಸರ್ಕಿಟ್ ಬೋರ್ಡಿನ ಮೇಲೆ ಒಂದು ವಾರ ಅಭ್ಯಾಸ ಮಾಡಿ. 60/40 ಅಥವಾ 63/37 ಸೀಸದ ಬೆಸುಗೆ, ಫ್ಲಕ್ಸ್, 350 ಡಿಗ್ರಿಯ ಮೇಲಕ್ಕೆ ಕಾಯುವ ಐರನ್. ಕಿಟಕಿ ತೆಗೆದಿಡಿ. ಬ್ಯಾಟರಿಯ ದಪ್ಪ ವೈರಿಗೆ ಶಾಖ ಸಾಲದೆ ಬೆಸುಗೆ ಮುದ್ದೆಯಾಗಿ ಕೂತರೆ, ಅದು ಹಾರುವಾಗ ಬಿಟ್ಟುಕೊಳ್ಳುತ್ತದೆ.

ಎರಡನೆಯದು ಮೊದಲ ಸಲ ಕರೆಂಟು ಕೊಡುವಾಗ. ಸ್ಮೋಕ್ ಸ್ಟಾಪರ್ ಇಲ್ಲದೆ ಬ್ಯಾಟರಿ ಜೋಡಿಸಬೇಡಿ. ಎಲ್ಲೋ ಶಾರ್ಟ್ ಆಗಿದ್ದರೆ ಅದು ಕರೆಂಟು ತಡೆದು ಬೋರ್ಡ್ ಉಳಿಸುತ್ತದೆ. ಆಂಟೆನಾ ಹಾಕದೆ ವಿಡಿಯೊ ಟ್ರಾನ್ಸ್‌ಮಿಟರ್‌ಗೆ ಕರೆಂಟು ಕೊಟ್ಟರೆ ಅದು ತನ್ನ ಶಾಖಕ್ಕೇ ಸಾಯಬಹುದು. ಬ್ಯಾಟರಿ ವೈರಿನ ಬುಡದಲ್ಲಿ ಕೆಪಾಸಿಟರ್ ಹಾಕೋದು ಮರೆಯಬೇಡಿ, ಮೋಟಾರಿನ ಗದ್ದಲ ವಿಡಿಯೊದಲ್ಲಿ ಗೆರೆಯಾಗಿ ಬರೋದನ್ನು ಅದು ತಗ್ಗಿಸುತ್ತದೆ.

ಮೂರನೆಯದು ಮೋಟಾರಿನ ಸಂಖ್ಯೆ. ಬೀಟಾಫ್ಲೈಟ್‌ನಲ್ಲಿ (ಫ್ಲೈಟ್ ಕಂಟ್ರೋಲರ್ ನಡೆಸುವ ಸಾಫ್ಟ್‌ವೇರ್) 1 ಹಿಂದೆ ಬಲ, 2 ಮುಂದೆ ಬಲ, 3 ಹಿಂದೆ ಎಡ, 4 ಮುಂದೆ ಎಡ. ಇದು ಅದಲು ಬದಲಾದರೆ ಏಳುವ ಕ್ಷಣದಲ್ಲೇ ಡ್ರೋನ್ ಮಗುಚಿ ನೆಲ ಅಗೆಯುತ್ತದೆ. ಈ ಪರೀಕ್ಷೆಗಳೆಲ್ಲ ಪ್ರಾಪ್ ಬಿಚ್ಚಿಟ್ಟು. 'ಒಂದೇ ನಿಮಿಷ' ಅಂತ ಬಿಚ್ಚದೆ ಬಿಟ್ಟದ್ದಕ್ಕೆ ನನ್ನ ಎಡಗೈ ತೋರುಬೆರಳಲ್ಲಿ ಮೂರು ಹೊಲಿಗೆ ಇವೆ.

ಗೆಳೆಯರು ಒಟ್ಟಿಗೆ ಹಾರಿಸಿದರೆ ಅವನ ವಿಡಿಯೊ ನನಗೆ ಬರುತ್ತೆ, ಯಾಕೆ?

ಇಬ್ಬರದೂ ಹತ್ತಿರದ ಚಾನೆಲ್. ವಿಡಿಯೊ ಕಳಿಸುವ ರೇಸ್‌ಬ್ಯಾಂಡ್ ಅನ್ನುವ ಪಟ್ಟಿಯಲ್ಲಿ ಎಂಟು ಚಾನೆಲ್, 5658 ಮೆಗಾಹರ್ಟ್ಸ್‌ನಿಂದ 37ರ ಅಂತರದಲ್ಲಿ 5917ರ ತನಕ. ನಮ್ಮಲ್ಲಿ ಲೈಸೆನ್ಸ್ ಬೇಡದ ಪಟ್ಟಿ 5875ಕ್ಕೆ ಮುಗಿಯುತ್ತದೆ, ಆದ್ದರಿಂದ ಕೊನೆಯ ಎರಡು ಬಿಡಿ. ಮೂವರಿದ್ದರೆ 1, 3, 5 ಹಂಚಿಕೊಳ್ಳಿ, ಎಲ್ಲರೂ ವಿಡಿಯೊ ಶಕ್ತಿಯನ್ನು 25 ಮಿಲಿವ್ಯಾಟ್‌ನಲ್ಲಿಡಿ. ನಾಲ್ಕನೆಯವನು ಸ್ಪಾಟರ್ ಆಗಲಿ. ಯಾರಾದರೂ ಗಾಳಿಯಲ್ಲಿರುವಾಗ ಹೇಳದೆ ನಿಮ್ಮ ಡ್ರೋನಿಗೆ ಬ್ಯಾಟರಿ ಹಾಕಬೇಡಿ, ಅವನ ಕಣ್ಣಿಗೆ ಕತ್ತಲೆ ಕವಿಯಬಹುದು. ನಮ್ಮಲ್ಲಿ 'ಹಾಕ್ಲಾ?' ಅಂತ ಕೂಗಿ, 'ಹಾಕು' ಅಂದ ಮೇಲೇ ಹಾಕುವುದು.

ಹಾರುವಾಗ ನಡುಗುತ್ತೆ. ಪಿಐಡಿ ಟ್ಯೂನ್ ಮಾಡಬೇಕಾ?

ಮೊದಲು ಪ್ರಾಪ್ ಬದಲಿಸಿ. ಆಮೇಲೆ ಸ್ಕ್ರೂ ಬಿಗಿ ಮಾಡಿ. ಆಮೇಲೆ ಮೋಟಾರಿನ ದಂಡ ಬಾಗಿದೆಯಾ ನೋಡಿ. ನನಗೆ ಕರೆ ಮಾಡಿದ ಹತ್ತರಲ್ಲಿ ಒಂಬತ್ತು ಜನರದು ಇಲ್ಲೇ ಸರಿಹೋಗಿದೆ. ಪಿಐಡಿ ಅಂದರೆ ಡ್ರೋನ್ ತನ್ನನ್ನು ಸ್ಥಿರವಾಗಿ ಹಿಡಿಯಲು ಬಳಸುವ ಅಂಕಿಗಳು, ಬೀಟಾಫ್ಲೈಟ್ ಜೊತೆ ಬರುವವು ಚೆನ್ನಾಗಿಯೇ ಇವೆ.

ಸಿಗ್ನಲ್ ಕಟ್ಟಾಗಿ ಕಬ್ಬಿನ ಗದ್ದೆಯಲ್ಲಿ ಬಿದ್ದರೆ ಹುಡುಕೋದು ಹೇಗೆ?

ಸಿಗ್ನಲ್ ಹೋದರೆ ಡ್ರೋನ್ ಏನು ಮಾಡಬೇಕು ಅನ್ನೋದು ಫೇಲ್‌ಸೇಫ್. ಚಿಕ್ಕದಕ್ಕೆ 'ಮೋಟಾರ್ ನಿಲ್ಲಿಸಿ ಬೀಳು' ಸಾಕು. ಜಿಪಿಎಸ್ ಇರುವ ದೊಡ್ಡದಕ್ಕೆ ವಾಪಸ್ ಬರುವ ವ್ಯವಸ್ಥೆ ಇಡಬಹುದು. ಹಾರಿಸುವ ಮೊದಲು ಪ್ರಾಪ್ ಬಿಚ್ಚಿ, ರೇಡಿಯೊ ಆಫ್ ಮಾಡಿ, ಮೋಟಾರ್ ನಿಲ್ಲುತ್ತದಾ ನೋಡಿ.

ಬಿದ್ದ ಮೇಲೆ ಓಡಬೇಡಿ. ಗಾಗಲ್ಸ್‌ನಲ್ಲಿ ರೆಕಾರ್ಡ್ ಆದ ಕೊನೆಯ ಕ್ಷಣಗಳನ್ನು ಎರಡು ಸಲ ನೋಡಿ. ಯಾವ ಮರ, ಯಾವ ಬದು, ಯಾವ ಕಂಬ ಅಂತ ಗುರುತು ಸಿಗುತ್ತದೆ. ರೇಡಿಯೊದಿಂದ ಬೀಪರ್ ಹಾಕಿ, ಎಲ್ಲರೂ ಮಾತು ನಿಲ್ಲಿಸಿ ಕೇಳಿ. ಬ್ಯಾಟರಿ ಕಿತ್ತು ಬಿದ್ದರೂ ಕೂಗಬೇಕು ಅಂದರೆ ಸ್ವಂತ ಬ್ಯಾಟರಿ ಇರುವ ಬೀಪರ್ ಹಾಕಿಸಿ. ಕಬ್ಬಿಗೆ ಅದೊಂದೇ ಗತಿ. ಗದ್ದೆಗೆ ಇಳಿಯುವ ಮೊದಲು ಮಾಲೀಕನಿಗೆ ಹೇಳಿ. ಹಾವಿರುತ್ತವೆ, ಉದ್ದ ಪ್ಯಾಂಟು, ಬೂಟು ಇರಲಿ. ಸಿಕ್ಕ ಕೂಡಲೇ ಫೋಟೊ ತೆಗೆಯಬೇಡಿ, ಮೊದಲು ಬ್ಯಾಟರಿ ಕೀಳಿ. ವಿಡಿಯೊ ಟ್ರಾನ್ಸ್‌ಮಿಟರ್ ಕಾದು ಕೆಂಡವಾಗಿರುತ್ತದೆ, ಸುತ್ತ ಇರೋದು ಒಣ ರವದಿ.